ಫೋಟೋದಲ್ಲಿರೋದು ಹೆಬ್ಬಾವಿನ ಮರಿ ಅಲ್ಲ

ಕನಕಪುರ ರಸ್ತೆ ಕಡೆಯ ತೋಟದಲ್ಲಿ ಸೋಗೆ ರಾಶಿಯ ಕೆಳಗೆ ಸಿಕ್ಕ ಹಾವಿನ ಫೋಟೋ ಹಾಕಿ, ಹೆಬ್ಬಾವಿನ ಮರಿ ಅಲ್ವಾ, ಕೋಲಲ್ಲಿ ಎತ್ತಿ ಬೇಲಿ ಆಚೆ ಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅದು ಕೊಳಕುಮಂಡಲ, ಭಾರಿ ವಿಷದ ಹಾವು. ಬೆನ್ನ ಮೇಲೆ ಸರಪಳಿ ಕೊಂಡಿಗಳ ಹಾಗೆ ಮೂರು ಸಾಲು ಮಚ್ಚೆ ಇದೆ ನೋಡಿ. ಹೆಬ್ಬಾವಿಗೆ ಇಷ್ಟು ಅಚ್ಚುಕಟ್ಟಾದ ಸಾಲು ಇರಲ್ಲ, ಒಂದೊಂದು ಮಚ್ಚೆಯೂ ಒಂದೊಂದು ಆಕಾರ.

ಕೇರೆಹಾವು ನಾವು ಹತ್ತಿರ ಬಂದರೆ ಜಾಗ ಖಾಲಿ ಮಾಡುತ್ತದೆ. ಇದು ಹಾಗಲ್ಲ, ತರಗೆಲೆ ಜೊತೆ ಬೆರೆತು ಸುಮ್ನೆ ಬಿದ್ದಿರುತ್ತದೆ, ನಾವೇ ಹೋಗಿ ಕೈ ಹಾಕುತ್ತೇವೆ. ಹೋದ ಮಳೆಗಾಲದಲ್ಲಿ ನಾನು ಗಿಡದ ಬುಡಕ್ಕೆ ಹೊದಿಸಿದ್ದ ಮಲ್ಚಿಂಗ್ ಸರಿಸುವಾಗ ಸ್ಸ್ಸ್ ಅಂತ ಸದ್ದು ಬಂತು. ಡ್ರಿಪ್ ಪೈಪ್ ಒಡೆದಿದೆ ಅಂದುಕೊಂಡು ಬಗ್ಗಿ ನೋಡಿದರೆ ಮೊಳ ದೂರದಲ್ಲಿ ಸುರುಳಿ ಸುತ್ತಿ ಕೂತಿದೆ! ಕುಕ್ಕರ್ ಕೂಗುವ ಮುಂಚೆ ಬರುತ್ತದಲ್ಲ, ಅದೇ ಸದ್ದು. ಇದು ಮೊಟ್ಟೆ ಇಡಲ್ಲ, ಮರಿ ಹಾಕುತ್ತದೆ, ಒಂದೇ ಸಲಕ್ಕೆ 20-40 ಇರಬಹುದು. ಗೇಣುದ್ದದ ಮರಿಗೂ ವಿಷ ಇರುತ್ತದೆ.

ಮೇಲಿನ ಕಾಮೆಂಟಲ್ಲಿ ಒಬ್ಬರು, ಹಾವು ಕಚ್ಚಿದರೆ ಟವಲ್‌ನಿಂದ ಬಿಗಿಯಾಗಿ ಕಟ್ಟಿ ಅಂದಿದ್ದಾರೆ. ಕಟ್ಟಬೇಡಿ. ಇದರ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ, ಕಟ್ಟಿದರೆ ರಕ್ತ ಓಡಾಟವೂ ನಿಂತು ಕಾಲೇ ಹೋಗಬಹುದು. ಆಗಲೇ ಯಾರಾದರೂ ಕಟ್ಟಿಬಿಟ್ಟಿದ್ದರೆ ದಾರಿಯಲ್ಲಿ ಸರಕ್ಕನೆ ಬಿಚ್ಚಬೇಡಿ, ತಡೆದಿದ್ದ ವಿಷ ಒಮ್ಮೆಲೇ ಮೈಗೇರುತ್ತದೆ, ಡಾಕ್ಟರ್ ಬಿಚ್ಚಲಿ. ಕೊಯ್ಯೋದು, ಬಾಯಲ್ಲಿ ಹೀರೋದು, ಐಸ್ ಇಡೋದು ಎಲ್ಲ ದಂಡ. ಉಂಗುರ, ಕಾಲ್ಗೆಜ್ಜೆ, ಬೂಟು ಮೊದಲು ತೆಗೆಯಿರಿ, ಊದಿಕೊಂಡ ಮೇಲೆ ಬರಲ್ಲ. ಮುರಿದ ಕಾಲಿಗೆ ದಬ್ಬೆ ಕಟ್ಟುವ ಹಾಗೆ ಸಡಿಲವಾಗಿ ಕಟ್ಟಿ, ನಡೆಸದೆ ಎತ್ತಿಕೊಂಡು ಹೋಗಿ. ನೋವಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ಇದರ ವಿಷಕ್ಕೆ ರಕ್ತ ಮೊದಲೇ ಹೆಪ್ಪುಗಟ್ಟಲ್ಲ, ಆ ಮಾತ್ರೆಗಳಿಂದ ರಕ್ತ ಸೋರೋದು ಇನ್ನೂ ಹೆಚ್ಚಾಗುತ್ತದೆ.

108ಕ್ಕೆ ಕರೆ ಮಾಡಿ, ಜೊತೆಗೆ ಆಸ್ಪತ್ರೆಗೂ ಫೋನ್ ಮಾಡಿ ಆಂಟಿವೆನಮ್ (ಹಾವಿನ ವಿಷ ಇಳಿಸುವ ಮದ್ದು) ಇದೆಯಾ ಅಂತ ಕೇಳಿ. ನಮ್ಮ ಪಕ್ಕದ ತೋಟದ ಆಳಿಗೆ ಕಚ್ಚಿದಾಗ ಹತ್ತಿರ ಅಂತ ಓಡಿದ ನರ್ಸಿಂಗ್ ಹೋಮ್‌ನಲ್ಲಿ ಮದ್ದೇ ಇರಲಿಲ್ಲ, ಮುಕ್ಕಾಲು ಗಂಟೆ ಹೋಯಿತು. ಇದು ಕಿಡ್ನಿಗೂ ಹೊಡೆಯೋದರಿಂದ ಡಯಾಲಿಸಿಸ್ ಇರುವ ಕಡೆಯಾದರೆ ಇನ್ನೂ ಒಳ್ಳೆಯದು. ಗಾಜಿನ ಟ್ಯೂಬಲ್ಲಿ ರಕ್ತ ಹಾಕಿ 20 ನಿಮಿಷ ಸುಮ್ನೆ ಇಡುತ್ತಾರೆ, ಕೂತು ನೋಡ್ತಾರಲ್ಲ ಅಂತ ಜಗಳ ತೆಗೆಯಬೇಡಿ, ರಕ್ತ ಹೆಪ್ಪುಗಟ್ಟುತ್ತದಾ ಅಂತ ನೋಡುವ ಪರೀಕ್ಷೆಯೇ ಅದು. ಹಾವನ್ನು ಹೊಡೆದು ತರುವುದೂ ಬೇಡ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ ಮದ್ದು.

ಈಗ ಹಾವು ಹಿಡಿಯುವವರನ್ನು ಕರೆಸಿ. ಅವರು ಬರುವವರೆಗೆ ಒಬ್ಬರು ದೂರ ನಿಂತು ರಾಶಿ ಮೇಲೆ ಕಣ್ಣಿಟ್ಟಿರಲಿ, ಎತ್ತ ಹೋಯಿತು ಅಂತಾದರೂ ಗೊತ್ತಾಗುತ್ತದೆ. ನಾಯಿಯನ್ನು ಕಟ್ಟಿಹಾಕಿ.