ಓದುಗರ ಪ್ರಶ್ನೆ: ಆರ್ಕೇನ್ ಎರಡನೇ ಸೀಸನ್ ಎಲ್ಲಿ ಗೆಲ್ತು, ಎಲ್ಲಿ ಜಾರ್ತು?

ಈ ಸಲ ನಮ್ಮ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ನೆಟ್‌ಫ್ಲಿಕ್ಸ್‌ನ ಅನಿಮೇಷನ್ ಸೀರೀಸ್ ಆರ್ಕೇನ್ ಬಗ್ಗೆ ಇದ್ದಿದ್ದನ್ನೆಲ್ಲ ಒಟ್ಟಿಗೆ ತಗೊಂಡಿದೀನಿ. ಕಥೆ ಕೊನೆವರೆಗೂ ಮಾತಾಡಿದೀನಿ, ಇನ್ನೂ ನೋಡದೇ ಇರೋರು ನೋಡ್ಕೊಂಡು ಬಂದು ಓದಿ.

ಮೊದಲ್ನೇ ಸೀಸನ್ ಅಂದ್ರೆ ನಂಗೆ ಪ್ರಾಣ. ಎರಡನೇದು ನೋಡ್ತಾ ಯಾಕೋ ಎಲ್ಲಾ ಓಡ್ತಾ ಇದೆ ಅನ್ಸ್ತು. ನಂಗೊಬ್ಬನಿಗೇ ಹಂಗನ್ಸಿದ್ದಾ?
(ಇಂಜಿನಿಯರಿಂಗ್ ವಿದ್ಯಾರ್ಥಿ, ತುಮಕೂರು)

ಇಲ್ಲಪ್ಪ, ನಂಗೂ ಹಂಗೇ ಅನ್ಸ್ತು. 2021ರಲ್ಲಿ ಮೊದಲ್ನೇ ಸೀಸನ್ ಬಂದ್ಮೇಲೆ ಮೂರು ವರ್ಷ ಕಾದ್ವಿ, 2024ರ ನವೆಂಬರ್ 9, 16, 23ಕ್ಕೆ ಮೂರ್ಮೂರು ಎಪಿಸೋಡ್ ಬಿಟ್ರು, ಒಟ್ಟು ಒಂಬತ್ತು, ಮೊದಲ್ನೇದೂ ಒಂಬತ್ತೇ. ಆದ್ರೆ ಅಲ್ಲಿ ಇದ್ದಿದ್ದು ಮುಖ್ಯವಾಗಿ ಇಬ್ಬರು ಅಕ್ಕ ತಂಗಿ (ವೈ, ಜಿಂಕ್ಸ್), ಎರಡು ಊರು (ಮೇಲೆ ಶ್ರೀಮಂತರ ಪಿಲ್ಟೋವರ್, ಕೆಳಗೆ ಬಡವರ ಝೌನ್). ಇಲ್ಲಿ ಅದೇ ಜಾಗಕ್ಕೆ ನಾಕ್ಸಸ್ ಅನ್ನೋ ದೇಶದ ಅಂಬೆಸ್ಸಾಳ ಸೈನ್ಯ, ಅವಳ ಮಗಳು ಮೆಲ್‌ನ ಹಿಡ್ಕೊಂಡು ಹೋಗೋ ಮಾಟಗಾರರ ಗುಂಪು, ದೇವರ ಥರ ಆಗಿಬಿಡೋ ವಿಜ್ಞಾನಿ ವಿಕ್ಟರ್, ಮೃಗ ಆಗಿ ವಾಪಸ್ ಬರೋ ಅಕ್ಕ ತಂಗಿಯರ ಸಾಕು ತಂದೆ ವ್ಯಾಂಡರ್, ಬೇರೆ ಕಾಲಕ್ಕೆ ಹೋಗಿ ಬರೋ ವಿಕ್ಟರ್‌ನ ಜೊತೆಗಾರ ಜೇಸ್, ಇಷ್ಟೂ ತುಂಬಿದಾರೆ. ಒಂದೊಂದೂ ಚೆನ್ನಾಗೇ ಇದೆ, ಆದ್ರೆ ಯಾವುದಕ್ಕೂ ಕೂತು ಉಸಿರಾಡೋಕೆ ಟೈಮ್ ಇಲ್ಲ.

ಇದ್ರಲ್ಲಿ ಜಾಸ್ತಿ ಏಟು ಬಿದ್ದಿದ್ದು ಮೇಲಿನ ಊರಿನ ಪೊಲೀಸ್ ಹುಡುಗಿ ಕೇಟ್ಲಿನ್‌ಗೆ. ಜಿಂಕ್ಸ್ ದಾಳೀಲಿ ತಾಯಿ ಸತ್ತ ಸಿಟ್ಟಲ್ಲಿ ಆ ಹುಡುಗಿ ಒಂದಿಡೀ ಊರನ್ನೇ ಶತ್ರು ಅನ್ಕೊಳ್ತಾಳೆ, ವೈ ಮೇಲೆ ಕೈ ಮಾಡ್ತಾಳೆ, ಮೂರನೇ ಎಪಿಸೋಡ್ ಕೊನೇಲಿ ಕಮಾಂಡರ್ ಆಗಿ ನಿಲ್ತಾಳೆ. ಎಂಥಾ ಜಾಗಕ್ಕೆ ತಂದು ನಿಲ್ಸಿದ್ರು ನೋಡಿ! ಮುಂದಿನ ಎಪಿಸೋಡ್ ಶುರು ಆಗೋಷ್ಟ್ರಲ್ಲಿ ತಿಂಗಳುಗಳೇ ಕಳೆದೋಗಿವೆ, ಅವಳ ಆಳ್ವಿಕೇಲಿ ಕೆಳಗಿನ ಜನ ಹೆಂಗ್ ಬದುಕಿದ್ರು ಅನ್ನೋದು ಪಕ್ಕಕ್ಕೆ ಸರಿದೋಯ್ತು, ಸ್ವಲ್ಪದರಲ್ಲೇ ಅವಳು ಮನಸ್ಸು ಬದಲಾಯಿಸಿ ಮತ್ತೆ ಒಳ್ಳೇವಳಾಗ್ಬಿಟ್ಳು. ಅದಕ್ಕೆ ಇನ್ನೆರಡು ಎಪಿಸೋಡ್ ಬೇಕೇ ಬೇಕಿತ್ತು. ವೈ ಕುಡಿದು ಹೊಡೆದಾಡಿ ಹಾಳಾಗೋದನ್ನೂ ಒಂದು ಹಾಡಲ್ಲೇ ಮುಗಿಸಿದ್ರು. ಒಂದೆರಡು ಕಡೆ ಹಾಡು ಓಕೆ, ಮಾತಾಡ್ಬೇಕಾದ ಕಡೆಯಲ್ಲೆಲ್ಲಾ ಹಾಡು ಹಾಕಿದ್ರೆ ಪಾತ್ರ ನಮ್ಮಿಂದ ದೂರ ಹೋಗುತ್ತೆ.

ನಮ್ಮ ತಾತ ಕೆಜಿಎಫ್ ಮೈನ್ಸಲ್ಲಿ ಕೆಲ್ಸ ಮಾಡ್ದೋರು. ಝೌನ್ ನೋಡ್ದಾಗ ಅವ್ರು ಹೇಳ್ತಿದ್ದ ಧೂಳು, ಕೆಮ್ಮು ಎಲ್ಲಾ ನೆನಪಾಯ್ತು. ಎರಡನೇ ಸೀಸನಲ್ಲಿ ಆ ಜನರ ಕಥೆ ಏನಾಯ್ತು, ನಂಗಂತೂ ಸಮಾಧಾನ ಆಗ್ಲಿಲ್ಲ.
(ಓದುಗರು, ಬಂಗಾರಪೇಟೆ)

ನೀವು ಕೇಳಿದ್ದೇ ಈ ಸೀಸನ್‌ನ ದೊಡ್ಡ ಪ್ರಶ್ನೆ ಸಾರ್. ಕೋಲಾರ ಕಡೆಯವ್ರಿಗೆ ಮೇಲಿನ ಊರು ಕೆಳಗಿನ ಊರು ಅಂದ್ರೇನು ಅಂತ ಬಿಡಿಸಿ ಹೇಳೋದೇ ಬೇಡ. 1902ಕ್ಕೇ ಶಿವನಸಮುದ್ರದಿಂದ ಗಣಿಗೆ ಕರೆಂಟ್ ಬಂತು, ದೊರೆಗಳಿಗೆ ಬಂಗಲೆ ಕ್ಲಬ್ಬು ಎಲ್ಲಾ ಇತ್ತು, ಚಾಂಪಿಯನ್ ರೀಫಲ್ಲಿ ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕೆ ಇಳಿದೋರು ಲೈನ್ ಮನೆಗಳಲ್ಲಿದ್ರು, ಎದೆ ತುಂಬಾ ಕಲ್ಲಿನ ಧೂಳು ತುಂಬ್ಕೊಂಡು ಸಿಲಿಕೋಸಿಸ್ಸಲ್ಲಿ ಎಷ್ಟೋ ಜನ ಹೋದ್ರು. 2001ಕ್ಕೆ ಗಣಿ ಮುಚ್ಚಿದ್ರೂ ಚಿನ್ನ ತೆಗೆದು ಬಿಸಾಕಿದ ಮಣ್ಣಿನ ಸೈನೈಡ್ ಗುಡ್ಡದ ಧೂಳು ಮಾತ್ರ ಊರು ಬಿಡ್ಲಿಲ್ಲ.

ಅದಕ್ಕೇ ಎರಡನೇ ಎಪಿಸೋಡ್ ನೋಡಿ ನಂಗೆ ಮೈ ಉರೀತು, ಅದು ಚೆನ್ನಾಗಿ ಬರ್ದಿರೋದ್ರಿಂದಾನೇ. ಕೆಳಗಿನ ಜನ ಉಸಿರಾಡ್ಲಿ ಅಂತ ಕೇಟ್ಲಿನ್ ಮನೆತನದವ್ರೇ ಕಟ್ಟಿಸಿದ ಗಾಳಿ ಕೊಳವೆ ಇರುತ್ತಲ್ಲ, ಅದ್ರೊಳಗಿಂದಾನೇ ಅವಳು ವಿಷದ ಹೊಗೆ ಬಿಟ್ಕೊಂಡು ಕೆಳಗೆ ಇಳೀತಾಳೆ. ಅನ್ಯಾಯ ಹೆಂಗೆ ಕೆಲ್ಸ ಮಾಡುತ್ತೆ ಅನ್ನೋದು ಒಂದೇ ಐಡಿಯಾದಲ್ಲಿ ಬಂದ್ಬಿಡ್ತು. ಆಮೇಲೆ ಜಿಂಕ್ಸ್ ಜನರ ಗುರುತಾಗ್ತಾಳೆ, ಅವಳ ಥರ ಕೂದಲಿಗೆ ನೀಲಿ ಬಣ್ಣ ಬಳ್ಕೊಂಡು ಜನ ಎದ್ದು ನಿಲ್ತಾರೆ, ಜೈಲಿಂದ ತಮ್ಮೋರನ್ನ ಬಿಡಿಸ್ಕೊಂಡು ಬರ್ತಾರೆ. ಇಲ್ಲಿಂದ ಒಂದು ದೊಡ್ಡ ಹೋರಾಟ ಬರುತ್ತೆ ಅಂತ ಕಾಯ್ತಾ ಕೂತ್ರೆ ಕಥೆ ವಿಕ್ಟರ್ ಕಡೆ, ನಾಕ್ಸಸ್ ಸೈನ್ಯದ ಕಡೆ ತಿರುಗ್ಬಿಡ್ತು. ಕೊನೇ ಯುದ್ಧದಲ್ಲಿ ಕೆಳಗಿನ ಜನಾನೇ ಮೇಲಿನ ಊರನ್ನ ಉಳ್ಸೋಕೆ ಬಂದು ಸಾಯ್ತಾರೆ, ಅದಕ್ಕೆ ಪ್ರತಿಯಾಗಿ ಸಿಕ್ಕಿದ್ದು ಮೇಲಿನ ಊರು ಆಳೋ ಕೌನ್ಸಿಲ್‌ನಲ್ಲಿ ಝೌನ್‌ನ ಸೆವಿಕಾಗೆ ಒಂದು ಕುರ್ಚಿ, ಅದನ್ನೂ ಕೆಲವೇ ಸೆಕೆಂಡ್ ತೋರ್ಸಿದ್ರು. ಆ ಕುರ್ಚಿ ಹೆಂಗ್ ಸಿಕ್ತು, ಯಾರು ಒಪ್ಪಿದ್ರು, ಯಾರು ಬೇಡ ಅಂದ್ರು, ಆ ಗಾಳಿ ಸರಿ ಹೋಯ್ತಾ? ಏನೂ ಹೇಳ್ಲಿಲ್ಲ. ಲೋಕವೇ ಮುಳುಗೋ ಅಪಾಯ ತಂದಿಟ್ಟು ಎರಡು ಊರಿನ ಜಗಳ ಮರೆಸಿದ್ದು ತಪ್ಪು, ನಾನು ಇದನ್ನ ಕ್ಷಮಿಸೋಕೆ ತಯಾರಿಲ್ಲ.

ನಾನು ಡ್ರಾಯಿಂಗ್ ಕಲೀತಿದೀನಿ. ಇದು ಕಂಪ್ಯೂಟರಲ್ಲಿ ಮಾಡಿದ್ದೋ ಕೈಯಲ್ಲಿ ಬಿಡಿಸಿದ್ದೋ?
(ವಿದ್ಯಾರ್ಥಿನಿ, ಶಿರಾ)

ಎರಡೂ ಹೌದಮ್ಮ. ಪಾತ್ರಗಳು ಕಂಪ್ಯೂಟರಲ್ಲಿ ಮಾಡಿದ ತ್ರೀಡಿ, ಆದ್ರೆ ಮೈಮೇಲಿನ ಬಣ್ಣ ಕುಂಚದಲ್ಲಿ ಎಳೆದ ಹಾಗೆ ಕಲಾವಿದರೇ ಬಳಿದಿರೋದು. ಹಿಂದಿನ ದೃಶ್ಯ ಪೇಂಟಿಂಗ್, ಹೊಗೆ ಬೆಂಕಿ ಕಿಡಿಗಳೆಲ್ಲಾ ಹೆಚ್ಚಿನ ಕಡೆ ಕೈಯಲ್ಲಿ ಬಿಡಿಸಿದ್ದು. ಪ್ಯಾರಿಸ್‌ನ ಫೋರ್ಟಿಶ್ ಸ್ಟುಡಿಯೋ ಮಾಡಿದ್ದು. ಈ ವಿಷಯದಲ್ಲಿ ಎರಡನೇ ಸೀಸನ್ ಮೊದಲ್ನೇದನ್ನೂ ಮೀರಿಸ್ತು. ಕೇಟ್ಲಿನ್ ತಾಯಿಯ ಅಂತ್ಯಕ್ರಿಯೆ ಭಾಗ ನೋಡು, ಇದ್ದಿಲಲ್ಲಿ ಗೀಚಿದ ಹಾಗಿದೆ, ಬಣ್ಣವೇ ಇಲ್ಲ, ದುಃಖ ಅಂದ್ರೆ ಹಂಗೇ ಅಲ್ವಾ.

ಏಳನೇ ಎಪಿಸೋಡಂತೂ ಇಡೀ ಸೀರೀಸಲ್ಲೇ ನಂಗೆ ತುಂಬಾ ಇಷ್ಟವಾದದ್ದು. ಜಿಂಕ್ಸ್‌ನ ಬಾಲ್ಯದ ಗೆಳೆಯ ಎಕ್ಕೋ ಬೇರೊಂದು ಲೋಕಕ್ಕೆ ಹೋಗಿ ಬೀಳ್ತಾನೆ. ಅಲ್ಲಿ ವೈ ಚಿಕ್ಕವಳಿದ್ದಾಗಲೇ ತೀರ್ಕೊಂಡಿದಾಳೆ, ವ್ಯಾಂಡರ್, ಆಮೇಲೆ ಜಿಂಕ್ಸ್‌ನ ಸಾಕಿದ ಸಿಲ್ಕೋ ಇಬ್ರೂ ಬದುಕಿದಾರೆ, ಜಿಂಕ್ಸ್ ಇನ್ನೂ ಪೌಡರ್ (ಅವಳ ಚಿಕ್ಕಂದಿನ ಹೆಸರು) ಆಗೇ ಉಳ್ಕೊಂಡು ನಗ್ತಾ ಇದಾಳೆ. ಎಕ್ಕೋ, ಪೌಡರ್ ಡ್ಯಾನ್ಸ್ ಮಾಡೋವಾಗ ಫ್ರೇಮ್ ಕಮ್ಮಿ ಮಾಡಿ ಚಿತ್ರ ತಡೆದು ತಡೆದು ಓಡೋ ಹಂಗೆ ಮಾಡಿದಾರೆ, ಇದು ಮುಗೀಬಾರ್ದು ಅಂತ ಎಕ್ಕೋಗೆ ಎಷ್ಟು ಆಸೆ ಇದೆ ಅಂತ ಒಂದು ಮಾತಿಲ್ದೆ ಗೊತ್ತಾಗುತ್ತೆ. ಕಥೆ ಒಂದು ಕಡೆ ನಿಧಾನ ಮಾಡಿದ್ರೆ ಈ ಟೀಮ್ ಏನ್ ಮಾಡಬಲ್ಲದು ಅನ್ನೋದಕ್ಕೆ ಇದೇ ಸಾಕ್ಷಿ. ಅದನ್ನ ನಿಲ್ಲಿಸಿ ನಿಲ್ಲಿಸಿ ನೋಡಿ ಬಿಡಿಸ್ತಾ ಅಭ್ಯಾಸ ಮಾಡು.

ಎಂಟನೇ ಕ್ಲಾಸ್ ಮಗ ಕಾರ್ಟೂನ್ ತಾನೇ ಅಂತ ಹಠ ಮಾಡ್ತಿದಾನೆ. ತೋರಿಸ್ಬಹುದಾ?
(ತಾಯಿ, ಚಿಂತಾಮಣಿ)

ಈಗ್ಲೇ ಬೇಡ ಮೇಡಂ. ರಕ್ತ, ಕುಡಿತ ಜಾಸ್ತಿ ಇದೆ, ಎಂಟನೇ ಎಪಿಸೋಡಲ್ಲಿ ದೊಡ್ಡೋರ ಸೀನ್ ಒಂದಿದೆ, ಆರನೇದ್ರಲ್ಲಿ ಈಶಾ ಅನ್ನೋ ಪುಟ್ಟ ಹುಡುಗಿ ಬೇರೆಯವರನ್ನ ಉಳ್ಸೋಕೆ ಜೀವ ಕೊಡ್ತಾಳೆ, ಜಿಂಕ್ಸ್ ಸಾಯ್ಬೇಕು ಅಂತ ಹೊರಡೋದೂ ಇದೆ. ಪಿಯುಸಿಗೆ ಬಂದ್ಮೇಲೆ ನೋಡ್ಲಿ, ಆಗ್ಲೂ ನೀವು ಜೊತೇಲಿ ಕೂತ್ಕೊಳ್ಳಿ.

ಮೂರನೇ ಸೀಸನ್ ಯಾವಾಗ?
(ಓದುಗ, ಗೌರಿಬಿದನೂರು)

ಬರಲ್ಲ. ಈ ಕಥೆ ಎರಡಕ್ಕೇ ಮುಗೀತು ಅಂತ ಮಾಡ್ದೋರೇ ಹೇಳಿದಾರೆ. ಅದೇ ಲೋಕದ ಬೇರೆ ಊರುಗಳ ಕಥೆ ಮಾಡೋ ಯೋಚನೆ ಇದೆಯಂತೆ, ನಾಕ್ಸಸ್ ಅದ್ರಲ್ಲೊಂದು.