ಕ್ಲುವಾನಿಯ ಹಿಮನದಿ ರಸ್ತೆಯಿಂದ ಕಂಡೀತೆ?

ಪ್ರಶ್ನೆ: ಆಗಸ್ಟ್‌ನಲ್ಲಿ ವ್ಯಾಂಕೂವರ್‌ನ ಮಗಳ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ಕೆನಡಾದ ವಾಯವ್ಯ ತುದಿಯ ಯೂಕಾನ್‌ನ ಕ್ಲುವಾನಿ ರಾಷ್ಟ್ರೀಯ ಉದ್ಯಾನಕ್ಕೂ ಹೋಗಿಬರುವ ಆಸೆ. ಹಿಮನದಿ ಕಾರಿನಿಂದಲೇ ಕಾಣುತ್ತದೆಯೆ? ಕರಡಿ ಕಾಟ ಎಷ್ಟು? ಹಾಗೇ ಗಡಿ ದಾಟಿ ಅಲಾಸ್ಕದ ಭಾಗವನ್ನೂ ನೋಡಬಹುದೆ?

ಉತ್ತರ: ಕಾರಿನಿಂದ ದೂರದ ಒಂದೆರಡು ಬಿಳಿ ತುದಿ ಇಣುಕಿದರೆ ಅದೇ ಹೆಚ್ಚು. ಹೆದ್ದಾರಿಗೆ ಒತ್ತಿಕೊಂಡೇ ನಿಂತ ಬೆಟ್ಟಸಾಲು ಹಿಂದಿನ ಹಿಮರಾಶಿಯನ್ನು ಮರೆಮಾಡುತ್ತದೆ. ಕೆನಡಾದಲ್ಲೇ ಅತಿ ಎತ್ತರದ ಮೌಂಟ್ ಲೋಗನ್ (5,959 ಮೀಟರ್) ಇರುವುದೂ ಅದರ ಹಿಂದೆಯೇ. ಹಿಮನದಿ ನೋಡಲು ಸಣ್ಣ ವಿಮಾನವೇ ಸರಿ. ಯೂಕಾನ್‌ನ ರಾಜಧಾನಿ ವೈಟ್‌ಹಾರ್ಸ್‌ನಿಂದ ಸುಮಾರು 155 ಕಿ.ಮೀ. ದೂರದ ಹೇನ್ಸ್ ಜಂಕ್ಷನ್‌ನಿಂದ ಹೊರಡುತ್ತವೆ. ಮೋಡ ಕವಿದರೆ ಹಾರಾಟ ರದ್ದು. ಆದ್ದರಿಂದ ಒಂದೇ ದಿನಕ್ಕೆ ನೆಚ್ಚಿಕೊಳ್ಳಬೇಡಿ, ಮೂರು ದಿನ ಕೈಯಲ್ಲಿರಲಿ.

ಕಾಸು ಖರ್ಚಿಲ್ಲದೆ ನೋಡುವಂಥದ್ದು ಕ್ಲುವಾನಿ ಸರೋವರದ ತುದಿಯಲ್ಲಿದೆ: ನೀರು ಕೈಕೊಟ್ಟ ಸ್ಲಿಮ್ಸ್ ನದಿಯ ಪಾತ್ರ. ಈ ನದಿಗೆ ನೀರುಣಿಸುತ್ತಿದ್ದ ಕಸ್ಕವುಲ್ಷ್ ಹಿಮನದಿಯ ಮೂತಿ ಕರಗಿ ಹಿಂದೆ ಸರಿದಾಗ, 2016ರ ಮೇ ತಿಂಗಳಲ್ಲಿ ಅದರ ಕರಗುನೀರು ಕೆಲವೇ ದಿನಗಳಲ್ಲಿ ದಿಕ್ಕು ಬದಲಿಸಿತು. ಬೇರಿಂಗ್ ಸಮುದ್ರ ಸೇರುತ್ತಿದ್ದ ನೀರು ಈಗ ಆಲ್ಸೆಕ್ ನದಿಯ ಮೂಲಕ ಅಲಾಸ್ಕ ಕೊಲ್ಲಿಗೆ ಇಳಿಯುತ್ತಿದೆ. ಗಾಳಿ ಎದ್ದರೆ ಒಣಗಿದ ಪಾತ್ರದಿಂದ ಹಿಟ್ಟಿನಂಥ ದೂಳು ಏಳುತ್ತದೆ. ಕ್ಯಾಮೆರಾ ಲೆನ್ಸ್ ಅಲ್ಲಿ ಬದಲಿಸಬೇಡಿ. ಪಕ್ಕದ ಬೆಟ್ಟದ ಬಿಳಿ ಡಾಲ್ ಕುರಿಗಳು ಬೇಸಿಗೆಯಲ್ಲಿ ಹಿಂಬದಿಗೆ ಹೋಗಿರುತ್ತವೆ. ಆಗಸ್ಟ್ ಕೊನೆಯ ವಾರವಾದರೆ ಕಂಡರೂ ಕಾಣಬಹುದು, ದುರ್ಬೀನು ಇಟ್ಟುಕೊಳ್ಳಿ.

ಕರಡಿಯ ವಿಷಯ ಹಗುರಾಗಿ ತೆಗೆದುಕೊಳ್ಳುವಂಥದ್ದಲ್ಲ. ನೀವು ಹೋಗುವ ಹೊತ್ತಿಗೆ ಕಾಲುದಾರಿಯ ಅಕ್ಕಪಕ್ಕ ಸೋಪ್‌ಬೆರಿ ಎಂಬ ಕೆಂಪು ಹಣ್ಣು ಬಿಟ್ಟಿರುತ್ತದೆ. ತಲೆ ತಗ್ಗಿಸಿ ಹಣ್ಣು ಮೆಲ್ಲುವ ಗ್ರಿಜ್ಲಿಗೆ ತೊರೆಯ ಸದ್ದಿನಲ್ಲಿ ನಿಮ್ಮ ಹೆಜ್ಜೆ ಕೇಳದು. ತಿರುವು ಬಂದಾಗಲೆಲ್ಲ ಜೋರಾಗಿ ಕೂಗಿ, ಚಪ್ಪಾಳೆ ತಟ್ಟಿ. ಕಂಡರೆ ಕನಿಷ್ಠ 100 ಮೀಟರ್ ದೂರವಿರಿ, ಓಡಬೇಡಿ. ಕರಡಿಯನ್ನು ಹಿಮ್ಮೆಟ್ಟಿಸುವ ಖಾರದ ಸ್ಪ್ರೇಯನ್ನು ವಿಮಾನಕ್ಕೆ ಬಿಡುವುದಿಲ್ಲ, ವೈಟ್‌ಹಾರ್ಸ್‌ನಲ್ಲೇ ಕೊಳ್ಳಿ. ಅದು ಇರಬೇಕಾದ್ದು ಸೊಂಟದಲ್ಲಿ. ಬ್ಯಾಗಿನೊಳಗಿದ್ದರೆ ಇದ್ದೂ ಇಲ್ಲದಂತೆ. ಗಾಡಿಯಲ್ಲಿ ಪುಳಿಯೋಗರೆ, ಉಪ್ಪಿನಕಾಯಿ ಇದ್ದರೆ ಗಾಜು ಏರಿಸಿ ಬಾಗಿಲು ಹಾಕಿ.

ಅಲಾಸ್ಕದ ರ‍್ಯಾಂಗಲ್–ಸೇಂಟ್ ಇಲಾಯಸ್ ಉದ್ಯಾನ ಮತ್ತು ಕ್ಲುವಾನಿ 1979ರಿಂದ ಒಂದೇ ವಿಶ್ವ ಪರಂಪರೆಯ ತಾಣ ನಿಜ. ಆದರೆ ನಡುವಿನ ಹಿಮದ ಮೇಲೆ ರಸ್ತೆಯಿಲ್ಲ. ಸುತ್ತು ಬಳಸಿ ಹೋಗಬೇಕು, ಅಮೆರಿಕದ ವೀಸಾ ಬೇರೆಯೇ ಬೇಕು. ಕೊನೆಗೆ ಸಿಗುವ ಮೆಕಾರ್ಥಿ ರಸ್ತೆ ಸುಮಾರು 95 ಕಿ.ಮೀ. ಜಲ್ಲಿ ದಾರಿ, ಬಾಡಿಗೆ ಕಾರಿನ ಕರಾರಿನಲ್ಲಿ ಅದಕ್ಕೆ ಒಪ್ಪಿಗೆಯಿದೆಯೇ ಎಂದು ಮೊದಲೇ ಓದಿಕೊಳ್ಳಿ.