ಗುಸುಗುಸು ಸದ್ದು ಬರುತ್ತಿದೆ ಅಂದರೆ ನಿಮ್ಮ ಸ್ಪೀಕರ್ ಇನ್ನೂ ಜೀವಂತ ಇದೆ

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಕೆಲಸ, ಫೋನ್ ಇಡೀ ದಿನ ಅಂಗಿ ಜೇಬಿನಲ್ಲಿ. ಮೊದಲು ಧ್ವನಿ ಮಂಕಾಯಿತು. ಈಗ ಫುಲ್ ವಾಲ್ಯೂಮ್ ಇಟ್ಟರೂ ಗುಸುಗುಸು ಅನ್ನುತ್ತದೆ ಅಷ್ಟೇ. ಇಯರ್‌ಫೋನ್ ಹಾಕಿದರೆ ಹಾಡು ಚೆನ್ನಾಗಿ ಕೇಳಿಸುತ್ತದೆ. ಅಂಗಡಿಯವರು ಫೋನ್ ಬಿಚ್ಚದೆಯೇ "ಬೋರ್ಡ್ ಹೋಗಿದೆ, ಹೊಸದು ತಗೊಳ್ಳೋದೇ ವಾಸಿ" ಅಂದರು. ಇಷ್ಟೇ ಅಲ್ವಾ?

ಸದ್ಯಕ್ಕೆ ಹೊಸ ಫೋನ್ ಬೇಡ. ನಾನೂ ಇದೇ ಊರಿನಲ್ಲಿ ಮೊಬೈಲ್ ರಿಪೇರಿ ಮಾಡುವವನು. ಬಿಚ್ಚಿ ನೋಡದೆ "ಬೋರ್ಡ್ ಹೋಗಿದೆ" ಅಂತ ಹೇಳಲು ಬರುವುದಿಲ್ಲ. ಅದರಲ್ಲೂ ನೀವು ಬರೆದ ಆ ಗುಸುಗುಸು ಬೇರೆಯೇ ಕಥೆ ಹೇಳುತ್ತಿದೆ. ಸ್ಪೀಕರ್ ಒಳಗಿನ ಕಾಯಿಲ್, ಅಂದರೆ ತಂತಿಯ ಸುರುಳಿ, ಕಡಿದುಹೋಗಿದ್ದರೆ ಸದ್ದೇ ಇರುವುದಿಲ್ಲ, ಪೂರ್ತಿ ಬಂದ್. ಸಣ್ಣಗಾದರೂ ಬರುತ್ತಿದೆ ಅಂದರೆ ಸ್ಪೀಕರ್ ಕೆಲಸ ಮಾಡುತ್ತಿದೆ, ಸದ್ದು ಹೊರಗೆ ಬರುವ ದಾರಿ ಮುಚ್ಚಿದೆ ಅಂತಲೇ ನನ್ನ ಲೆಕ್ಕ.

ಆದರೆ ಆ ಸದ್ದು ಎಲ್ಲಿಂದ ಬರುತ್ತಿದೆ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಫೋನಿನಲ್ಲಿ ಸದ್ದು ಬರುವ ಜಾಗ ಎರಡು. ಮೇಲೆ ಕಿವಿಗಿಡುವಲ್ಲಿ ಇಯರ್ ಸ್ಪೀಕರ್, ಕೆಳಗೆ ಚಾರ್ಜರ್ ಚುಚ್ಚುವ ಜಾಗದ ಪಕ್ಕ ದೊಡ್ಡ ಸ್ಪೀಕರ್. ನಾವು ರಿಪೇರಿಯವರು ಅದಕ್ಕೆ ರಿಂಗರ್ ಅನ್ನುತ್ತೇವೆ. ಸ್ಟೀರಿಯೋ ಇರುವ ಫೋನುಗಳಲ್ಲಿ ಹಾಡು ಹಾಕಿದರೆ ಮೇಲಿನದೂ ಸಣ್ಣಗೆ ನುಡಿಯುತ್ತದೆ. ಹಾಡು ಹಾಕಿ ಕೆಳಗಿನ ತೂತುಗಳನ್ನು ಬೆರಳಿನಿಂದ ಒತ್ತಿ ಮುಚ್ಚಿ. ಸದ್ದು ಇನ್ನೂ ಕಡಿಮೆ ಆದರೆ ರಿಂಗರ್ ಜೀವಂತ ಇದೆ. ಏನೂ ವ್ಯತ್ಯಾಸ ಆಗದಿದ್ದರೆ ನೀವು ಕೇಳುತ್ತಿರುವುದು ಮೇಲಿನ ಸ್ಪೀಕರ್ ಸದ್ದು, ಕೆಳಗಿನದು ಸುಮ್ಮನಿದೆ.

ಸುಮ್ಮನಿದೆ ಅಂತ ಗೊತ್ತಾದರೂ ಗಾಬರಿ ಬೇಡ. ಒಂದು ನಿಮಿಷ ಬಿಟ್ಟು ಹೊಡೆಯುವಂತೆ ಅಲಾರಂ ಇಡಿ, ಅಲಾರಂ ವಾಲ್ಯೂಮ್ ಪೂರ್ತಿ ಏರಿಸಿ. ಸಾಮಾನ್ಯವಾಗಿ ಇಯರ್‌ಫೋನ್ ಹಾಕಿದ್ದರೂ ಅಲಾರಂ ಸ್ಪೀಕರ್‌ನಿಂದ ಹೊಡೆದೇ ಹೊಡೆಯುತ್ತದೆ. ಅಲಾರಂ ಜೋರಾಗಿ ಬಂದು ಹಾಡು ಮಾತ್ರ ಬರದಿದ್ದರೆ ಸ್ಪೀಕರ್ ಸರಿಯಾಗೇ ಇದೆ, ಸದ್ದು ಬೇರೆ ಕಡೆ ಹೋಗುತ್ತಿದೆ. ಮನೆಯಲ್ಲೆಲ್ಲೋ ಆನ್ ಆಗಿ ಬಿದ್ದಿರುವ ಬ್ಲೂಟೂತ್ ನೆಕ್‌ಬ್ಯಾಂಡ್‌ಗೆ ಹೋಗುತ್ತಿರಬಹುದು. ಇಲ್ಲವೇ ಇಯರ್‌ಫೋನ್ ತೂತಿನಲ್ಲಿ ಧೂಳು, ನೂಲು ಸೇರಿ, ಇಯರ್‌ಫೋನ್ ಇನ್ನೂ ಚುಚ್ಚಿದೆ ಅಂತ ಫೋನ್ ತಿಳಿದುಕೊಂಡಿರುತ್ತದೆ. ಪರದೆಯ ಮೇಲ್ಗಡೆ ಹೆಡ್‌ಫೋನ್ ಚಿತ್ರ ನಿಂತೇ ಇದ್ದರೆ ಇದೇ ಸಮಸ್ಯೆ. ಬ್ಲೂಟೂತ್ ಆಫ್ ಮಾಡಿ, ಫೋನ್ ಸ್ವಿಚ್ ಆಫ್ ಮಾಡಿ ಇಯರ್‌ಫೋನಿನ ಪಿನ್ನನ್ನು ನಾಲ್ಕೈದು ಸಲ ಹಾಕಿ ತೆಗೆದು, ಮತ್ತೆ ಆನ್ ಮಾಡಿ ನೋಡಿ.

ಸ್ಯಾಮ್‌ಸಂಗ್ ಆದರೆ ಡಯಲ್ ಮಾಡುವಲ್ಲಿ *#0*# ಒತ್ತಿ, ಟೆಸ್ಟ್ ಪರದೆ ಬರುತ್ತದೆ. ಶವೋಮಿ, ರೆಡ್‌ಮಿಯಲ್ಲಿ *#*#6484#*#*. ಎರಡರಲ್ಲೂ ಸ್ಪೀಕರ್, ರಿಸೀವರ್ (ಮೇಲಿನ ಇಯರ್ ಸ್ಪೀಕರ್) ಬೇರೆ ಬೇರೆಯಾಗಿ ಪರೀಕ್ಷೆ ಮಾಡಬಹುದು.

ಇನ್ನು ಧೂಳಿನ ವಿಷಯ. ನಿಮ್ಮ ಫೋನಿನಲ್ಲಿ ಆಗಿರುವುದು ಇದೇ ಅಂತ ನನಗೆ ಅನ್ನಿಸುತ್ತಿದೆ. ಯಾರ್ಡಿಗೆ ಮೆಕ್ಕೆಜೋಳ ಬರಲು ಶುರುವಾದರೆ ಸಾಕು, ನನ್ನ ಟೇಬಲ್ ಮೇಲೆ ಇಂಥ ಫೋನುಗಳು ಜಾಸ್ತಿ ಆಗುತ್ತವೆ. ಸ್ಪೀಕರ್ ತೂತುಗಳ ಹಿಂದೆ ಒಂದು ಸಣ್ಣ ಜಾಲರಿ ಇರುತ್ತದೆ, ಅದರ ತೂತುಗಳು ತೀರಾ ಸಣ್ಣವು. ಇಂಥ ಫೋನುಗಳಲ್ಲಿ ಲೆನ್ಸ್ ಹಿಡಿದು ನೋಡಿದರೂ ಜಾಲರಿಯೇ ಕಾಣುವುದಿಲ್ಲ. ಕಾಳಿನ ಸಿಪ್ಪೆಯ ಹಳದಿ ಪುಡಿ ಅಂಗಿಯ ಬೆವರಿಗೆ ನೆಂದು, ಒಣಗಿ, ಗೋಡೆಗೆ ಮೆತ್ತಿದ ಗಿಲಾವಿನಂತೆ ಗಟ್ಟಿಯಾಗಿ ಕೂತಿರುತ್ತದೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರ ಫೋನಿನಲ್ಲಿ ಇದೇ ಜಾಗದಲ್ಲಿ ಕಪ್ಪು ಮಸಿ. ಲೇತ್ ಕೆಲಸದವರದು ಇನ್ನೂ ಕಷ್ಟ. ಸ್ಪೀಕರ್ ಒಳಗೆ ಆಯಸ್ಕಾಂತ ಇರುತ್ತದಲ್ಲ, ಅದು ಕಬ್ಬಿಣದ ಪುಡಿಯನ್ನು ಎಳೆದುಕೊಳ್ಳುತ್ತದೆ. ಪುಡಿ ಒಳಗಿನ ಪೊರೆಯ ಮೇಲೆ ಕೂತರೆ ಧ್ವನಿ ಗರಗರ ಅನ್ನುತ್ತದೆ. ಅದು ಬ್ರಷ್‌ಗೆ ಬಗ್ಗುವುದಿಲ್ಲ, ಸ್ಪೀಕರ್ ಬದಲಿಸಲೇಬೇಕು.

ನಿಮ್ಮದು ಬ್ರಷ್‌ಗೆ ಬಗ್ಗಬಹುದು. ಫೋನ್ ಆಫ್ ಮಾಡಿ, ಕವರ್ ತೆಗೆಯಿರಿ. ಎಷ್ಟೋ ಸಲ ಕವರಿನ ಅಂಚೇ ತೂತುಗಳನ್ನು ಮುಚ್ಚಿರುತ್ತದೆ. ಮೆತ್ತನೆಯ, ಪೂರ್ತಿ ಒಣಗಿದ ಹಲ್ಲುಜ್ಜುವ ಬ್ರಷ್ ತಗೊಳ್ಳಿ. ಸ್ಪೀಕರ್ ನೆಲದ ಕಡೆ ಇರುವಂತೆ ಫೋನನ್ನು ಹಿಡಿದು ಕೆಳಗಿನಿಂದ ಬ್ರಷ್ ಆಡಿಸಿ. ಆಗ ಉದುರಿದ ಪುಡಿ ಕೆಳಗೆ ಬೀಳುತ್ತದೆ, ಒಳಗೆ ಹೋಗುವುದಿಲ್ಲ. ಅವಸರ ಬೇಡ, ಒತ್ತುವುದೂ ಬೇಡ. ಆಮೇಲೆ ಸೆಲ್ಲೋ ಟೇಪಿನ ಅಂಟು ಕಡೆಯನ್ನು ತೂತುಗಳ ಮೇಲೆ ಒತ್ತಿ ಒತ್ತಿ ತೆಗೆಯಿರಿ. ಟೇಪಿಗೆ ಹಳದಿ ಪುಡಿ ಅಂಟಿ ಬಂದರೆ ನನ್ನ ಅನುಮಾನ ಸರಿ ಅಂತ ತಿಳಿಯಿರಿ. ಟೇಪ್ ಸ್ವಚ್ಛವಾಗಿ ಬರುವವರೆಗೂ ಮಾಡಿ.

ದಯವಿಟ್ಟು ಪಿನ್ನು, ಸೂಜಿ ಹಾಕಬೇಡಿ. ಜಾಲರಿ ಹರಿದರೆ ಮುಂದಿನ ಧೂಳೆಲ್ಲ ನೇರ ಪೊರೆಯ ಮೇಲೆ ಬೀಳುತ್ತದೆ. ಎಷ್ಟೋ ಫೋನುಗಳಲ್ಲಿ ಚಾರ್ಜಿಂಗ್ ಜಾಗದ ಎರಡೂ ಪಕ್ಕ ತೂತುಗಳಿದ್ದರೂ ಸ್ಪೀಕರ್ ಇರುವುದು ಒಂದು ಪಕ್ಕ ಮಾತ್ರ, ಇನ್ನೊಂದು ಕಡೆ ಮೈಕ್. ಅದಕ್ಕೆ ಸೂಜಿ ಚುಚ್ಚಿ, ಆಮೇಲೆ "ನನ್ನ ಮಾತು ಆ ಕಡೆ ಕೇಳಿಸ್ತಿಲ್ಲ" ಅಂತ ಬರುವವರನ್ನು ನೋಡಿದರೆ ಬೇಜಾರಾಗುತ್ತದೆ. ಬಾಯಿಂದ ಊದಬೇಡಿ, ಎಂಜಲಿನ ತೇವ ಒಳಗೆ ಹೋಗುತ್ತದೆ. ಗ್ಯಾರೇಜಿನ ಗಾಳಿ ಪೈಪಂತೂ ಬೇಡವೇ ಬೇಡ.

ಫೋನ್ ಮಳೆಯಲ್ಲಿ ನೆನೆದಿದ್ದರೆ ಅಕ್ಕಿ ಡಬ್ಬಿಯಲ್ಲಿ ಹೂತಿಡುವ ರೂಢಿ ಇದೆ. ಅದನ್ನೂ ಮಾಡಬೇಡಿ. ಅಕ್ಕಿಯ ಸಣ್ಣ ಪುಡಿ ಫೋನನ್ನು ಹಾಳುಮಾಡಬಹುದು ಅಂತ ಆಪಲ್ ಕಂಪನಿಯೇ 2024ರಲ್ಲಿ ಹೇಳಿದೆ. ಸ್ಪೀಕರ್ ಕೆಳಗೆ ಬರುವಂತೆ ನಿಲ್ಲಿಸಿ, ಫ್ಯಾನ್ ಗಾಳಿಗೆ ಬಿಟ್ಟು, ಒಣಗುವವರೆಗೆ ಚಾರ್ಜ್ ಹಾಕದಿದ್ದರೆ ಸಾಕು.

ಇಷ್ಟಾದರೂ ಸರಿಹೋಗದಿದ್ದರೆ ಅಂಗಡಿಗೆ ಹೋಗಿ, ಆದರೆ ಕೇಳಬೇಕಾದ್ದನ್ನು ಕೇಳಿ. ಬಿಚ್ಚಿದ ಮೇಲೆ ಸ್ಪೀಕರ್‌ಗೆ ಮಲ್ಟಿಮೀಟರ್ ಹಿಡಿಯಲು ಒಂದು ನಿಮಿಷವೂ ಬೇಡ. ಒಳ್ಳೆಯ ಸ್ಪೀಕರ್ ಸಾಮಾನ್ಯವಾಗಿ 6ರಿಂದ 8 ಓಮ್ ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ, ಸ್ಪೀಕರ್ ಬದಲಿಸಿದರೆ ಮುಗಿಯಿತು. ಸಾಮಾನ್ಯ ಆಂಡ್ರಾಯ್ಡ್ ಫೋನುಗಳಿಗೆ ಆ ಭಾಗ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಸ್ಪೀಕರ್ ಜೊತೆಗೆ ಮೈಕ್, ಚಾರ್ಜಿಂಗ್ ಕೂಡ ಕೈಕೊಟ್ಟಿದ್ದರೆ ಕೆಳಗಿನ ಚಾರ್ಜಿಂಗ್ ಬೋರ್ಡ್ ಅಥವಾ ಅದರ ಸ್ಟ್ರಿಪ್ (ಅದನ್ನು ಮದರ್‌ಬೋರ್ಡಿಗೆ ಜೋಡಿಸುವ ತೆಳು ಪಟ್ಟಿ) ಮೇಲೆ ಅನುಮಾನ ಪಡಬೇಕು. ಫೋನ್ ಕೆಳಗೆ ಬಿದ್ದಿದ್ದರೆ ಸ್ಪೀಕರ್ ತಾಗುವ ಸ್ಪ್ರಿಂಗ್ ಪಿನ್ನು ಸರಿದಿರಬಹುದು. ಚೆನ್ನಾಗಿರುವ ಬೇರೆ ಸ್ಪೀಕರ್ ಇಟ್ಟು, ಪಿನ್ನು, ಸ್ಟ್ರಿಪ್ ಎಲ್ಲ ನೋಡಿದ ಮೇಲೂ ಸದ್ದು ಬರದಿದ್ದರೆ ಆಗ ಮದರ್‌ಬೋರ್ಡಿನ ಮಾತು. ಎಷ್ಟೋ ಫೋನುಗಳಲ್ಲಿ ಸ್ಪೀಕರ್‌ಗೆ ಬೇರೆಯೇ ಐಸಿ (ಸಣ್ಣ ಚಿಪ್) ಇರುವುದರಿಂದ ಇಯರ್‌ಫೋನ್ ಸರಿಯಾಗಿದ್ದೂ ಅದು ಕೆಡುವುದುಂಟು. ಅಂಗಡಿಯವರ ಮಾತು ಕೊನೆಗೆ ನಿಜವೂ ಆಗಬಹುದು. ನಿಜ ಅಂತ ತೋರಿಸಿಕೊಡಿ ಅಂತ ಕೇಳಿ, ನಿಮ್ಮೆದುರಿಗೇ ಮೀಟರ್ ಹಿಡಿಯಲಿ.

ವಾರಂಟಿ ಇನ್ನೂ ಇದ್ದರೆ ಹೊರಗಿನ ಅಂಗಡಿಯಲ್ಲಿ ಬಿಚ್ಚಿಸಬೇಡಿ, ಕಂಪನಿಯ ಸರ್ವಿಸ್ ಸೆಂಟರ್‌ಗೇ ಕೊಡಿ. ಎಲ್ಲಿ ಕೊಟ್ಟರೂ ಮೊದಲು ಫೋಟೋ, ಕಾಂಟ್ಯಾಕ್ಟ್ ಬ್ಯಾಕಪ್ ಮಾಡಿಕೊಳ್ಳಿ. ಬ್ರಷ್ ಮಾಡಿದ ಮೇಲೆ ಸದ್ದು ಎಷ್ಟು ಬಂತು, ಅಲಾರಂ ಹೊಡೆಯಿತಾ ಇಲ್ಲವಾ, ಫೋನಿನ ಮಾಡೆಲ್ ಯಾವುದು ಅಂತ ಬರೆಯಿರಿ, ಮುಂದಿನದು ನೋಡೋಣ.